ಕರಿಬೇವಿಗೆ ರಾತ್ರಿಪಾಳಿ: ಗ್ರೋ ಟೆಂಟ್ ಕಿಟ್, ಮೂರು ಚಳಿಗಾಲ ಕಳೆದ ಮೇಲೆ

ಕೆನಡಾದ ಮಿಸಿಸಾಗಾಗೆ ಬಂದ ಮೇಲೆ ಎರಡು ಕರಿಬೇವಿನ ಗಿಡ ಕೊಂದಿದ್ದೇನೆ. ಎರಡೂ ಕಿಟಕಿ ಪಕ್ಕದಲ್ಲೇ ಇದ್ದವು, ಎರಡೂ ಡಿಸೆಂಬರಿನಲ್ಲಿ ಎಲೆ ಉದುರಿಸಿ ಒಣಕಡ್ಡಿಯಾದವು. ಆ ತಿಂಗಳ ಕೊನೆಗೆ ಇಲ್ಲಿ ಹಗಲು ಅಂದ್ರೆ 9 ಗಂಟೆ, ಅದರಲ್ಲೂ ಮುಕ್ಕಾಲು ಪಾಲು ಮೋಡ. ಮೂರನೇ ಗಿಡ ತಂದಾಗ ಹಟಕ್ಕೆ ಬಿದ್ದು, ಮನೆಯೊಳಗೇ ದೀಪದ ಬೆಳಕಲ್ಲಿ ಗಿಡ ಬೆಳೆಸೋ ಟೆಂಟ್ ಕಿಟ್ ತಗೊಂಡೆ. ಎರಡಡಿ ಅಗಲ, ಎರಡಡಿ ಉದ್ದ, ಎತ್ತರ ಐದಡಿಗೆ ಸ್ವಲ್ಪ ಕಮ್ಮಿ. ಒಳಗೆ ಎಲ್‌ಇಡಿ ದೀಪ, ಫ್ಯಾನು, ಇದ್ದಿಲ ಫಿಲ್ಟರು, ಟೈಮರು. ಎಲ್ಲ ಸೇರಿ 250 ಕೆನಡಾ ಡಾಲರ್ ಚಿಲ್ಲರೆ.

ಅಂಗಡಿ ಹುಡುಗ ಮೊದಲು ಕೇಳಿದ್ದೇ 'ಆಟೋನಾ, ಫೋಟೋನಾ?' ಅಂತ. ನಾನು 'ಕರಿಬೇವು' ಅಂದೆ. ಅದು ಯಾವ ಹೊಸ ತಳಿ ಅಂತ ಗಂಭೀರವಾಗಿ ವಿಚಾರಿಸಿದ! ಅವನ ತಪ್ಪಲ್ಲ ಬಿಡಿ. 2018ರ ಅಕ್ಟೋಬರ್ 17ರಿಂದ ಇಲ್ಲಿ ಗಾಂಜಾ ಕಾನೂನುಬದ್ಧ. ನಮ್ಮ ಒಂಟಾರಿಯೊ ಪ್ರಾಂತ್ಯದಲ್ಲಿ 19 ತುಂಬಿದವರು ಮನೆಯೊಂದಕ್ಕೆ ನಾಲ್ಕು ಗಿಡದವರೆಗೆ ಬೆಳೆಸಬಹುದು. ಈ ಕಿಟ್‌ಗಳು ಹುಟ್ಟಿದ್ದೇ ಅವರಿಗಾಗಿ. (ಊರಲ್ಲಿ ಇದನ್ನ ಓದ್ತಿರೋರು ಆಸೆ ಪಡಬೇಡಿ. ಅಲ್ಲಿ 1985ರ ಮಾದಕವಸ್ತು ಕಾಯ್ದೆ ಇದೆ, ಒಂದು ಗಿಡ ಬೆಳೆಸಿದರೂ ಕೇಸು.)

'ಆಟೋ' ಅಂದ್ರೇನು ಅಂತ ಆಮೇಲೆ ಇದೇ ಟೆಂಟ್ ಇಟ್ಟುಕೊಂಡಿರುವ ಸಹೋದ್ಯೋಗಿ ಹೇಳಿಕೊಟ್ಟ. ಮಾಮೂಲಿ ಗಾಂಜಾ ಗಿಡ, ಅಂದ್ರೆ ಆ ಹುಡುಗನ 'ಫೋಟೋ', ರಾತ್ರಿ ಉದ್ದವಾದಾಗ ಹೂ ಬಿಡುತ್ತೆ. ಅದಕ್ಕೇ ಒಳಗೆ ಬೆಳೆಸೋರು ಒಂದು ಹಂತದಲ್ಲಿ ದಿನಕ್ಕೆ 12 ಗಂಟೆ ಕತ್ತಲೆ ಕೊಡ್ತಾರೆ. ಆಟೋಫ್ಲವರ್ ತಳಿಗೆ ಆ ಲೆಕ್ಕ ಇಲ್ಲ. ಚಳಿ ಸೀಮೆಯ ರುಡೆರಾಲಿಸ್ ಅನ್ನೋ ಗಿಡದ ಗುಣ ಅದರಲ್ಲಿ ಬೆರೆತಿದೆ. ಬೆಳಕು ಎಷ್ಟೇ ಇರಲಿ, ಮೊಳೆತ ಮೂರ್ನಾಲ್ಕು ವಾರಕ್ಕೆ ವಯಸ್ಸು ನೋಡಿ ತಾನೇ ಹೂವಿಗೆ ತಿರುಗುತ್ತೆ. ಹಾಗಾಗಿ ಅವನು ಕೊನೇವರೆಗೂ 18 ಗಂಟೆ ದೀಪ ಉರಿಸ್ತಾನೆ.

ಕಿಟ್ ಜೊತೆ ಬಂದ ಚೀಟಿಯಲ್ಲೂ ಅದೇ ಇತ್ತು: 18 ಗಂಟೆ, ಗಿಡದಿಂದ ಒಂದಡಿ ಮೇಲೆ. ಕಣ್ಮುಚ್ಚಿ ಪಾಲಿಸಿದೆ. ಎರಡೇ ವಾರದಲ್ಲಿ ಮೇಲಿನ ಎಸಳುಗಳ ತುದಿ ಬಾಣಲೆಯಲ್ಲಿ ಸೀದ ಹಾಗೆ ಕಂದಾಯಿತು. ದೀಪ ಒಂದೂವರೆ ಅಡಿಗೆ ಏರಿಸಿ, 12 ಗಂಟೆಗೆ ಇಳಿಸಿದೆ. ಮತ್ತೆ ಸುಟ್ಟಿಲ್ಲ.

ಆ 12 ಗಂಟೆ ಸಂಜೆ ಏಳರಿಂದ ಬೆಳಗ್ಗೆ ಏಳು. ಇಲ್ಲಿ ಆ ಹೊತ್ತಲ್ಲಿ ಕರೆಂಟು ಅಗ್ಗ. ಟೆಂಟಿನ ಜಿಪ್ ಎಳೆದರೆ ಹೊರಗೆ ಹಗಲೋ ರಾತ್ರಿಯೋ ಗಿಡಕ್ಕೆ ಗೊತ್ತಾಗಲ್ಲ. ನಮ್ಮನೆ ಕರಿಬೇವು ಅಕ್ಟೋಬರಿನಿಂದ ಮೇ ತನಕ ರಾತ್ರಿಪಾಳಿ ಮಾಡುತ್ತೆ. ಡಬ್ಬದ ಮೇಲೆ '1000 ವಾಟ್‌ಗೆ ಸಮ' ಅಂತ ದಪ್ಪಕ್ಷರ ಇದೆ, ನಂಬಬೇಡಿ. ಮೀಟರ್ ಹಾಕಿ ನೋಡಿದೆ, ಎಳೆಯೋದು ಬರೀ 100. ತಿಂಗಳಿಗೆ 36 ಯೂನಿಟ್. ನನಗೇನೂ ಬೇಜಾರಿಲ್ಲ, ಒಂದು ಗಿಡಕ್ಕೆ ಅಷ್ಟೇ ಸಾಕು. ಸುಳ್ಳು ಯಾಕೆ ಬರೀಬೇಕು ಅನ್ನೋದಷ್ಟೇ ಪ್ರಶ್ನೆ.

ಫ್ಯಾನಿನ ಕತೆ ಬೇರೆ. ಹದಿನಾಲ್ಕನೇ ತಿಂಗಳಿಗೆ ಕರಕರ ಅನ್ನೋಕೆ ಶುರುವಾಗಿ ಒಂದು ರಾತ್ರಿ ನಿಂತೇ ಹೋಯಿತು. ದೀಪಕ್ಕೆ ಮೂರು ವರ್ಷ ವಾರಂಟಿ, ಫ್ಯಾನಿಗೆ ಒಂದೇ ವರ್ಷ. ಅದು ಸಣ್ಣಕ್ಷರದಲ್ಲಿತ್ತು. ಕಂಪನಿಗೆ ಮೂರು ಮೇಲ್ ಹಾಕಿದೆ, ಮೂರಕ್ಕೂ 'ಹೊಸದು ಕೊಳ್ಳಿ' ಅಂತ ಒಂದೇ ಉತ್ತರ. ಮನೆಯಲ್ಲಿದ್ದ ಪುಟ್ಟ ಟೇಬಲ್ ಫ್ಯಾನ್ ಒಳಗಿಟ್ಟು, ಮೇಲಿನ ಕಿಂಡಿ ತೆರೆದಿಟ್ಟೆ. ನಡೀತಿದೆ. ಇದ್ದಿಲ ಫಿಲ್ಟರ್ ಇರೋದು ಗಾಂಜಾ ವಾಸನೆ ಪಕ್ಕದ ಮನೆಗೆ ಹೋಗದಿರಲಿ ಅಂತ. ಕರಿಬೇವಿನ ಘಮ ಸೋಸಿ ಹೊರಹಾಕೋ ಪಾಪ ನಾನ್ಯಾಕೆ ಕಟ್ಟಿಕೊಳ್ಳಲಿ? ಅದರ ಪೊಟ್ಟಣ ಬಿಚ್ಚೇ ಇಲ್ಲ.

ಟೆಂಟಿನಿಂದ ಒಂದು ತಾಪತ್ರಯವೂ ಇದೆ: ನುಸಿ. ಹೀಟರಿನ ಒಣ ಹವೆ, ಒಳಗೆ ಬೆಚ್ಚಗೆ, ನುಸಿಗೆ ಮಾವನ ಮನೆ. ಎರಡನೇ ಚಳಿಗಾಲದಲ್ಲಿ ಎಲೆ ಮೇಲೆ ಸೂಜಿ ಚುಚ್ಚಿದಂಥ ಬಿಳಿ ಚುಕ್ಕಿ ಕಂಡೆ. ತಿರುಗಿಸಿ ಟಾರ್ಚ್ ಬಿಟ್ಟರೆ ದಂಟಿನ ಕವಲಲ್ಲಿ ಕಂಡೂ ಕಾಣದಂಥ ಬಲೆ. ಗಿಡವನ್ನ ಬಾತ್‌ಟಬ್ಬಿಗೆ ಹೊತ್ತು, ಸೋಪು ನೀರು ಹಾಕಿ ಎಲೆ ಎಲೆಯ ಅಡಿ ತೊಳೆದೆ, ನಾಲ್ಕು ದಿನಕ್ಕೊಮ್ಮೆ ಮೂರು ಸಲ. ಹೆಂಡತಿ ಬಾಗಿಲಲ್ಲಿ ನಿಂತು 'ನಮ್ಮ ಮಕ್ಕಳಿಗೂ ಇಷ್ಟು ಉಪಚಾರ ಮಾಡ್ಲಿಲ್ವಲ್ರೀ' ಅಂದಳು.

ಮನೆಯಲ್ಲಿ ದಕ್ಷಿಣಕ್ಕೆ ದೊಡ್ಡ ಕಿಟಕಿ ಇದ್ದರೆ ಟೆಂಟ್ ಬೇಡ, ಬಿಡಿಯಾಗಿ ದೀಪ ಮತ್ತು ಟೈಮರ್ ತಗೊಳ್ಳಿ, ಅರ್ಧ ದುಡ್ಡಿಗೆ ಮುಗಿಯುತ್ತೆ. ನಮ್ಮಂಥ ಬೇಸ್‌ಮೆಂಟಿನವರಿಗೆ ಟೆಂಟ್ ಬೇಕು. ಐದರಲ್ಲಿ ಮೂರೂವರೆ ಅಂಕ, ಕಳೆದದ್ದೆಲ್ಲ ಫ್ಯಾನಿನ ಲೆಕ್ಕಕ್ಕೆ. ಗಿಡ ಈಗ ನನ್ನ ಸೊಂಟದ ಹತ್ತಿರ ಬಂದಿದೆ, ಫೆಬ್ರವರಿಯಲ್ಲೂ ವಾರಕ್ಕೆ ಹತ್ತು ಹನ್ನೆರಡು ಎಸಳು ಕೊಡುತ್ತೆ. ಕೊಯ್ಯೋಕೆ ಮಾತ್ರ ಬೆಳಗ್ಗೆ ಏಳರೊಳಗೆ ಜಿಪ್ ತೆರೀಬೇಕು. ಆಮೇಲೆ ಅದು ಮಲಗುತ್ತೆ.