24 ಎಂಎಂ ವರ್ಸಸ್ 85 ಎಂಎಂ: ಪ್ರಿಂಟ್‌ನ ಎಷ್ಟು ದೂರದಿಂದ ನೋಡ್ಬೇಕು?

ಬಸವನಗುಡಿ ಕಡಲೆಕಾಯಿ ಪರಿಷೆಲಿ ತೆಗೆದ ಎರಡು ಫೋಟೋ, ಒಂದು 24 ಎಂಎಂ ವೈಡ್ ಲೆನ್ಸಲ್ಲಿ (ಅಗಲವಾದ ನೋಟ ಹಿಡಿಯೋದು), ಇನ್ನೊಂದು 85ರಲ್ಲಿ (ದೂರದ್ದನ್ನ ಹತ್ರ ತರೋದು), ಎರಡೂ ಫುಲ್ ಫ್ರೇಮ್, ಅಂದ್ರೆ ದೊಡ್ಡ ಸೆನ್ಸರ್ ಇರೋ ಕ್ಯಾಮೆರಾದಲ್ಲಿ. ವೈಡ್‌ನಲ್ಲಿ ಫ್ರೇಮಿನ ಅಂಚಲ್ಲಿ ನಿಂತಿದ್ದ ನಮ್ಮತ್ತೆ ತಲೆ ಪಕ್ಕಕ್ಕೆ ಎಳೆದಂಗೆ ಬಂದಿತ್ತು, "ನಂದೇನು ಕುಂಬಳಕಾಯಿ ತಲೆನಾ" ಅಂತ ಬೈಸ್ಕೊಂಡೆ. ನಾನೂ ಲೆನ್ಸ್‌ದೇ ತಪ್ಪು ಅನ್ಕೊಂಡಿದ್ದೆ, ಆಮೇಲೆ ಎರಡನ್ನೂ 4×6, 12×18, 20×30 ಇಂಚಲ್ಲಿ ಹಾಕ್ಸಿ ಟೇಪ್ ಹಿಡ್ಕೊಂಡು ಕೂತೆ.

ಲೆಕ್ಕ ಸಿಂಪಲ್, ಫೋಕಲ್ ಲೆಂತನ್ನ (ಲೆನ್ಸಿನ ಆ 24, 85 ಎಂಎಂ) ಪ್ರಿಂಟ್ ಸೆನ್ಸರ್‌ಗಿಂತ ಎಷ್ಟು ಪಟ್ಟು ದೊಡ್ಡದಾಗಿದ್ಯೋ ಅದರಿಂದ ಗುಣಿಸಿದ್ರೆ ನೋಡೋ ದೂರ, ಅಂದ್ರೆ ಕ್ಯಾಮೆರಾ ಇದ್ದ ಜಾಗದಿಂದಲೇ ನೋಡ್ದಂಗೆ ಕಾಣೋ ದೂರ. ಸೆನ್ಸರ್ ಅಗಲ 36 ಎಂಎಂ, 18 ಇಂಚಿನ ಪ್ರಿಂಟ್ ಅಂದ್ರೆ 12.7 ಪಟ್ಟು, ಹಂಗಾಗಿ 24ಕ್ಕೆ ಬರೀ 30 ಸೆಂಮೀ, 85ಕ್ಕೆ 108.

12×18 ವೈಡ್‌ನ ಒಂದಡಿ ದೂರದಲ್ಲಿ ಹಿಡ್ಕೊಂಡು, ಮೂಗು ಪ್ರಿಂಟಿನ ನಡುಮಧ್ಯಕ್ಕೆ ಇಟ್ಕೊಂಡು, ಒಂದು ಕಣ್ಣು ಮುಚ್ಚಿ ನೋಡ್ದೆ ನೋಡಿ, ಮುಂದಿನ ಕಡಲೆಕಾಯಿ ರಾಶಿ ಕೈಗೆ ಸಿಗೋ ಹಂಗೆ, ಹಿಂದಿನ ಅಂಗಡಿ ಸಾಲು ಅಲ್ಲೆಲ್ಲೋ ದೂರಕ್ಕೆ ಹೋಯ್ತು, ಅತ್ತೆ ತಲೆನೂ ದುಂಡಗಾಯ್ತು! ಅಂಚನ್ನ ಕಣ್ಣು ಓರೆಯಾಗಿ ನೋಡುತ್ತಲ್ಲ, ಎಳೆದಿದ್ದೆಲ್ಲ ಅಲ್ಲಿ ಮತ್ತೆ ಕುಗ್ಗುತ್ತೆ. ಅದನ್ನೇ ಆರಡಿ ಹಿಂದೆ ಹೋಗಿ ನೋಡಿದ್ರೆ ವಾಪಸ್ ಕುಂಬಳಕಾಯಿ.

4×6ನಲ್ಲಿ ವೈಡ್ ವೇಸ್ಟ್. 10 ಸೆಂಮೀ ದೂರದಲ್ಲಿ ನೋಡ್ಬೇಕು, ಚಾಳೀಸ ಬಂದಿರೋ ನನಗಂತೂ ಬರೀ ಮಂಜು. ಆದ್ರೆ 85ರದ್ದು ಅದೇ ಸೈಜಲ್ಲಿ 36 ಸೆಂಮೀಗೆ ಸರಿ, ಅಂದ್ರೆ ಆಲ್ಬಂ ತೊಡೆ ಮೇಲಿಟ್ಟು ನೋಡೋ ದೂರವೇ. ಅದೇ 85ನ 20×30 ಮಾಡ್ಸಿ ಹತ್ರ ನಿಂತ್ರೆ ರಾಶಿ, ಜನ, ಗುಡಿ ಎಲ್ಲ ಒಂದರ ಮೇಲೊಂದು ಅಂಟಿಸಿದಂಗೆ ಚಪ್ಪಟೆ, ಆರಡಿ ಹಿಂದೆ ಸರಿದ್ರೆ ಮಧ್ಯೆ ಜಾಗ ಬಿಡ್ಸ್ಕೊಳ್ಳುತ್ತೆ.

ಹಾಗಾಗಿ ದುಡ್ಡು ಹಾಕೋದಾದ್ರೆ ನಾನು ವೈಡ್‌ಗೇ ದೊಡ್ಡ ಪ್ರಿಂಟ್ ಹಾಕ್ಸೋದು. ಆದ್ರೆ ಸೋಫಾ ಹಿಂದಿನ ಗೋಡೆಗೆ ಬೇಡ, ಅಲ್ಲಿ ಯಾರು ಹತ್ರ ಹೋಗಿ ನಿಂತ್ಕೋತಾರೆ? ನಮ್ಮನೆ ಪ್ಯಾಸೇಜ್ ಮೂರಡಿ ಅಗಲ, 20×30 ವೈಡ್‌ಗೆ ಬೇಕಾಗಿರೋದು 51 ಸೆಂಮೀ, ಅಲ್ಲಿಗೇ ಮೊಳೆ ಹೊಡೆದೆ. ಅತ್ತೆ ಮಾತ್ರ ಹಾಲಿಂದ್ಲೇ ಬಗ್ಗಿ ನೋಡಿ ಮುಖ ಸಿಂಡರಿಸ್ತಾರೆ.