ಶೆರ್ರಿ: ಸಾರಿನ ಮುಂದೆ ಸೋಲು, ಸಂಡಿಗೆಯ ಜೊತೆ ಗೆಲುವು

ಶೆರ್ರಿ ಅಂದರೆ ಕೇಕಿಗೆ ಸುರಿಯುವ ಸಿಹಿ ಮದ್ಯ ಎಂದುಕೊಂಡವರು ಅದರ ಸಿಹಿಯಿಲ್ಲದ ಬಗೆಯಾದ ಫಿನೋದ ಮೊದಲ ಗುಟುಕಿಗೇ ಮುಖ ಕಿವುಚುತ್ತಾರೆ. ಸಿಹಿಯ ಸುಳಿವೇ ಇಲ್ಲ. ಮೂಗಿಗೆ ಬಾದಾಮಿ, ಹುದುಗು ಬಂದ ಹಿಟ್ಟಿನ ವಾಸನೆ. ನಾಲಿಗೆಯ ತುದಿಯಲ್ಲಿ ಉಪ್ಪು ನೆಕ್ಕಿದಂಥ ಅನುಭವ. ದಕ್ಷಿಣ ಸ್ಪೇನಿನ ಹೆರೆಸ್, ಸಾನ್‌ಲೂಕರ್, ಎಲ್ ಪುಯೆರ್ತೊ ಎಂಬ ಮೂರು ಊರುಗಳ ಸುತ್ತಲಿನ ಸುಣ್ಣದ ಬಿಳಿ ಮಣ್ಣಿನಲ್ಲಿ ಬೆಳೆಯುವ ಪಲೊಮಿನೊ ದ್ರಾಕ್ಷಿಯ ವೈನ್ ಇದು. ದ್ರಾಕ್ಷಿ ತಾನಾಗಿ ಸಪ್ಪೆ. ರುಚಿ ಹುಟ್ಟುವುದು ಪೀಪಾಯಿಯಲ್ಲಿ.

600 ಲೀಟರಿನ ಓಕ್ ಪೀಪಾಯಿಯನ್ನು ಪೂರ್ತಿ ತುಂಬುವುದಿಲ್ಲ, ಆರರಲ್ಲೊಂದು ಪಾಲು ಖಾಲಿ ಬಿಡುತ್ತಾರೆ. ವೈನಿನ ಮದ್ಯಾಂಶ 15% ಆಸುಪಾಸಿನಲ್ಲಿದ್ದರೆ, ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟುವ ಹಾಗೆ, ಯೀಸ್ಟಿನ ಪದರ ಮೇಲೆ ಕಟ್ಟುತ್ತದೆ. ಅದರ ಹೆಸರು ಫ್ಲೋರ್. ಗಾಳಿಯನ್ನು ತಡೆಯುವುದರ ಜೊತೆಗೆ ವೈನಿಗೆ ಮಂದ ಕೊಡುವ ಗ್ಲಿಸರಾಲನ್ನೂ ಅದು ತಿಂದುಹಾಕುತ್ತದೆ. ಫಿನೋ ಅಷ್ಟು ತೆಳು, ಅಷ್ಟು ಒಣ (ಸಿಹಿಯಿಲ್ಲದ್ದು) ಆಗುವುದು ಇದರಿಂದಲೇ. ಮದ್ಯಾಂಶವನ್ನು 17%ಕ್ಕೆ ಏರಿಸಿದರೆ ಫ್ಲೋರ್ ಬದುಕುವುದಿಲ್ಲ, ವೈನ್ ನೇರ ಗಾಳಿಗೆ ಬಿದ್ದು ಕಂದುತ್ತ ದಪ್ಪಗಾಗುತ್ತದೆ: ಅದು ಒಲೊರೊಸೊ. ಕೆಲವು ವರ್ಷ ಫ್ಲೋರ್ ಕೆಳಗಿದ್ದು ಆಮೇಲೆ ಗಾಳಿ ಕಂಡದ್ದು ಅಮೊಂಟಿಯಾಡೊ.

ಇಲ್ಲಿಗೆ ತರಿಸುವವರು ಬೇರೆಲ್ಲ ಮರೆತರೂ ಇದೊಂದನ್ನು ನೆನಪಿಡಬೇಕು. ಗಾಳಿ ಕಾಣದೆ ಬೆಳೆದ ಫಿನೋ ಹಾಲಿನ ಹಾಗೆ, ತಾಜಾ ಇದ್ದರಷ್ಟೇ ಚೆನ್ನ. ವರ್ಷಗಟ್ಟಲೆ ಗಾಳಿಯಲ್ಲೇ ಮಾಗಿದ ಒಲೊರೊಸೊ ಉಪ್ಪಿನಕಾಯಿಯ ಹಾಗೆ, ಕೆಡುವುದೇನಿದ್ದರೂ ಮೊದಲೇ ಮುಗಿದಿರುತ್ತದೆ. ಬಿಸಿ ಗೋದಾಮು, ತಿಂಗಳಾನುಗಟ್ಟಲೆ ಅಂಗಡಿಯ ಕಪಾಟು, ಮೇಲೆ ಟ್ಯೂಬ್‌ಲೈಟು. ಇಷ್ಟನ್ನೂ ತಾಳಿಕೊಳ್ಳುವುದು ಎರಡನೆಯದು ಮಾತ್ರ. ವೈನಿನ ಮೇಲಿನ ಆಮದು ಹೊರೆ ದೊಡ್ಡದು, 150%ರಷ್ಟಿತ್ತು. 2021ರ ಬಜೆಟ್‌ನಲ್ಲಿ ಅದನ್ನು 50% ಮೂಲ ಸುಂಕ, 100% ಕೃಷಿ ಸೆಸ್ ಎಂದು ಒಡೆದರು, ಮೊತ್ತ ಅಷ್ಟೇ ಉಳಿಯಿತು. ಅದರ ಮೇಲೆ ರಾಜ್ಯದ ಅಬಕಾರಿ ಬೇರೆ. ಬೆಲೆ ಏರಿದಷ್ಟೂ ಬಾಟಲಿ ನಿಧಾನ ಖರ್ಚಾಗುತ್ತದೆ. ನಿಧಾನ ಖರ್ಚಾದಷ್ಟೂ ಫಿನೋ ಸಾಯುತ್ತದೆ.

ಆದ್ದರಿಂದ ಅಂಗಡಿಯಲ್ಲಿ ಫಿನೋ ಕಂಡರೆ ಮೊದಲು ಬಣ್ಣ ನೋಡಿ. ಒಣಹುಲ್ಲಿನ ತಿಳಿ ಹಳದಿ ಇರಬೇಕು. ಚಿನ್ನದ ಬಣ್ಣಕ್ಕೆ ತಿರುಗಿದ್ದರೆ ವಾಪಸ್ ಇಡಿ. ಬಾಟಲಿಯ ಮೇಲಿನ ಲಾಟ್ ಕೋಡಿನಲ್ಲಿ ಎಷ್ಟೋ ಬಾರಿ ಅದನ್ನು ತುಂಬಿದ ವರ್ಷ, ದಿನದ ಸಂಖ್ಯೆ ಅಡಗಿರುತ್ತವೆ. ಬಾಟಲಿಗೆ ತುಂಬಿ ವರ್ಷ ದಾಟಿದ ಫಿನೋಗೆ ದುಡ್ಡು ಸುರಿಯುವುದು ದಂಡ. ವಿದೇಶದಿಂದ ಬರುವವರಿಗೆ ಸುಂಕವಿಲ್ಲದೆ 2 ಲೀಟರ್ ತರಲು ಅವಕಾಶವಿದೆ: 750 ಮಿಲಿಯ ಎರಡು, 500 ಮಿಲಿಯ ಒಂದು ಬಾಟಲಿ ಸರಿಯಾಗಿ ಕೂರುತ್ತವೆ. ಎರಡು ದೊಡ್ಡವು ಅಮೊಂಟಿಯಾಡೊ, ಒಲೊರೊಸೊ ಆಗಿರಲಿ.

ಸುಲಭವಾಗಿ ಸಿಗುವ ಹೆಸರುಗಳಲ್ಲಿ ಗೊನ್ಸಾಲೆಸ್ ಬಯಾಸ್ ಕಂಪನಿಯ ತಿಯೊ ಪೆಪೆ ಫಿನೋ ಚಾಕುವಿನಷ್ಟು ಚುರುಕು, ಅಲಂಕಾರವಿಲ್ಲದ ವೈನ್. ಹಿದಾಲ್ಗೊ ಅವರ ಲಾ ಹಿತಾನಾ ಮಂಜನಿಯಾ ವರ್ಗದ್ದು, ಅಂದರೆ ಸಾನ್‌ಲೂಕರಿನ ಫಿನೋ. ಕಡಲ ತೇವಕ್ಕೆ ಅಲ್ಲಿ ಫ್ಲೋರ್ ವರ್ಷವಿಡೀ ದಪ್ಪಗಿರುತ್ತದೆ, ಹಾಗಾಗಿ ಕುಡಿಯಲು ಇನ್ನಷ್ಟು ಹಗುರ. ಎರಡರಲ್ಲಿ ಒಂದು ಎಂದರೆ ಲಾ ಹಿತಾನಾ. ಲುಸ್ತಾವ್‌ನ ಲೋಸ್ ಆರ್ಕೋಸ್ ಅಮೊಂಟಿಯಾಡೊ ಹುರಿದ ಹೇಜಲ್‌ನಟ್ಟಿನ ಪರಿಮಳದ್ದು. ಈ ಸಾಲಿನಲ್ಲಿ ನಮ್ಮ ಅಡುಗೆಗೆ ಅತಿ ಹೆಚ್ಚು ಒಗ್ಗುವ ಬಾಟಲಿ. ಗೊನ್ಸಾಲೆಸ್ ಬಯಾಸ್‌ನದೇ ಅಲ್ಫೊನ್ಸೊ ಒಲೊರೊಸೊದಲ್ಲಿ ಅಕ್ರೋಟು, ಹಳೇ ಮರದ ಕಪಾಟು ಎರಡರ ವಾಸನೆಯೂ ಇದೆ. ಹೆಸರು ನೋಡಿ ಮಾವಿನಹಣ್ಣು ನಿರೀಕ್ಷಿಸಬೇಡಿ.

ಇನ್ನು ಊಟ. 'ಈಜುವುದಕ್ಕೆ ಫಿನೋ, ಹಾರುವುದಕ್ಕೆ ಅಮೊಂಟಿಯಾಡೊ, ಓಡುವುದಕ್ಕೆ ಒಲೊರೊಸೊ' ಎಂದು ಸ್ಪೇನಿನಲ್ಲಿ ಹೇಳುತ್ತಾರೆ, ಅಂದರೆ ತಟ್ಟೆಯಲ್ಲಿರುವುದು ಮೀನೋ, ಹಕ್ಕಿಯೋ, ನಾಲ್ಕು ಕಾಲಿನದೋ ಎಂಬ ಲೆಕ್ಕ. ನಮ್ಮಲ್ಲಿ ಈ ಸೂತ್ರ ಕೈಕೊಡುತ್ತದೆ. ನಮ್ಮ ತಟ್ಟೆಯಲ್ಲಿ ಮಾತಾಡುವುದು ಮಾಂಸವಲ್ಲ, ಮಸಾಲೆ. ಶೆರ್ರಿಗೆ ಶತ್ರುಗಳು ಎರಡು. ಒಂದು ಹುಣಸೆ. ಅದರಲ್ಲಿರುವುದೂ ದ್ರಾಕ್ಷಿಯಲ್ಲಿರುವುದೂ ಒಂದೇ ಟಾರ್ಟಾರಿಕ್ ಆಮ್ಲ; ಶೆರ್ರಿಯಲ್ಲಿ ಹುಳಿ ಕಡಿಮೆ, ಸಾರಿನಲ್ಲಿ ಹೆಚ್ಚು. ಒಂದು ಚಮಚ ಸಾರು ಬಾಯಿಗೆ ಹೋದ ಮೇಲೆ ಫಿನೋ ಬರೀ ನೀರು. ಇನ್ನೊಂದು ಬ್ಯಾಡಗಿಯಲ್ಲ, ಗುಂಟೂರು: ಖಾರದ ಉರಿಯನ್ನು 15–18% ಮದ್ಯ ಇನ್ನಷ್ಟು ಕೆರಳಿಸುತ್ತದೆ. ಹುಳಿ, ಖಾರ ಎರಡೂ ಇರುವ ಘೀ ರೋಸ್ಟ್ ಜೊತೆ ಶೆರ್ರಿ ಬಡಿಸುವುದು ಇಬ್ಬರಿಗೂ ಅವಮಾನ.

ಗೆಲ್ಲುವುದು ಉಪ್ಪು, ಎಣ್ಣೆ, ಕಾಳು, ಎಳ್ಳು ಇದ್ದಲ್ಲಿ. ಹೆರೆಸ್ ಪಕ್ಕದ ಕಾದಿಸ್ ಕಡಲತೀರದಲ್ಲಿ ಕಡಲೆಹಿಟ್ಟು, ಗೋಧಿಹಿಟ್ಟು ಕಲಸಿ, ಕಿರುಬೆರಳಿಗಿಂತ ಸಣ್ಣ ಸೀಗಡಿ ಹಾಕಿ ತೆಳ್ಳಗೆ ಕರಿಯುವ ತೊರ್ತಿಯೀತಾ ಫಿನೋದ ಹಳೇ ಜೊತೆಗಾರ. ನಮ್ಮ ಬಜ್ಜಿಯ ಸೋದರಸಂಬಂಧಿ ಅಂತಲೇ ಅನ್ನಿ. ಹಾಗಾಗಿ ಹೀರೇಕಾಯಿ ಬಜ್ಜಿ, ಅಕ್ಕಿ ಸಂಡಿಗೆ, ಬೆಣ್ಣೆ ಚಕ್ಕುಲಿ, ಉಪ್ಪು ಹಾಕಿ ಹುರಿದ ಗೋಡಂಬಿ ಇವಕ್ಕೆ ಫಿನೋ ಹೇಳಿ ಮಾಡಿಸಿದ್ದು. ಪ್ರತಿ ಗುಟುಕೂ ಎಣ್ಣೆಯ ಜಿಡ್ಡನ್ನು ಒರೆಸಿಬಿಡುತ್ತದೆ. ಕಾಣೆ ಮೀನಿನ ರವಾ ಫ್ರೈ ಕೂಡ ಸರಿ, ಮಸಾಲೆಯಲ್ಲಿ ಹುಣಸೆ ಬಿಟ್ಟು ನಾಲ್ಕು ಹನಿ ನಿಂಬೆ ಹಿಂಡಿದರೆ. ಅಮೊಂಟಿಯಾಡೊವನ್ನು ಜೋಳದ ರೊಟ್ಟಿ, ಗುರೆಳ್ಳು ಚಟ್ನಿಪುಡಿ, ಬೆಣ್ಣೆಯ ಪಕ್ಕ ಇಟ್ಟು ನೋಡಿ: ಹುರಿದ ಗುರೆಳ್ಳಿನ ಕಹಿಯೂ ವೈನಿನ ಕಹಿಯೂ ಕೈಕುಲುಕುತ್ತವೆ. ಹುರಿದ ಕೊಬ್ಬರಿಯ ಕೋಳಿ ಸುಕ್ಕಕ್ಕೂ ಅದೇ. ಕೊಡಗಿನ ಪಂದಿ ಕರಿಯ ಕಪ್ಪು ಮಸಾಲೆಗೆ ಒಲೊರೊಸೊ ಸಮಸಮ, ಕಾಚಂಪುಳಿಯನ್ನು ಮಾಮೂಲಿನ ಅರ್ಧಕ್ಕೆ ಇಳಿಸಬೇಕು, ಅಷ್ಟೇ. ಪೆದ್ರೊ ಹಿಮೆನೆಸ್ ಎಂಬ ಸಿಹಿ ಶೆರ್ರಿಯಲ್ಲಿ ಲೀಟರಿಗೆ ಕನಿಷ್ಠ 212 ಗ್ರಾಂ ಸಕ್ಕರೆ ಇರುತ್ತದೆ, ಹೋಳಿಗೆಯ ಜೊತೆ ಬೇಡವೇ ಬೇಡ. ವೆನಿಲಾ ಐಸ್‌ಕ್ರೀಮಿನ ಮೇಲೆ ಎರಡು ಚಮಚ ಸುರಿದರೆ ಸಾಕು.

ಬೆರಳಿನಷ್ಟು ಸಣ್ಣ ಗ್ಲಾಸಿನಲ್ಲಿ ಕೊಡುವ ಹಳೇ ರೂಢಿಯಿಂದ ಪರಿಮಳವೆಲ್ಲ ಹಾಳು. ಮಾಮೂಲಿ ಬಿಳಿ ವೈನಿನ ಗ್ಲಾಸಿಗೆ 75 ಮಿಲಿ ಹಾಕಿ. ಫಿನೋ 7–8 ಡಿಗ್ರಿ, ಅಂದರೆ ಫ್ರಿಜ್ಜಿನಿಂದ ನೇರ ಗ್ಲಾಸಿಗೆ. ಅಮೊಂಟಿಯಾಡೊ, ಒಲೊರೊಸೊ 12–14, ತೆಗೆದು ಕಾಲು ಗಂಟೆ ಬಿಟ್ಟು. ತೆರೆದ ಬಾಟಲಿ ನೆಟ್ಟಗೆ, ಫ್ರಿಜ್ಜಿನಲ್ಲಿ. ಫಿನೋ ಒಂದು ವಾರ, ಅಮೊಂಟಿಯಾಡೊ ಎರಡು-ಮೂರು ವಾರ, ಒಲೊರೊಸೊ ಒಂದು ತಿಂಗಳು. ವಾರ ದಾಟಿದ ಫಿನೋ ಚೆಲ್ಲಬೇಡಿ: ಬೆಳ್ಳುಳ್ಳಿ ಒಗ್ಗರಣೆಯಲ್ಲಿ ಅಣಬೆ ಬಾಡಿದ ಮೇಲೆ ಅರ್ಧ ಲೋಟ ಹಾಕಿ, ಬೆಂಕಿ ಜೋರು ಮಾಡಿ, ತಳದಲ್ಲಿ ಎರಡು ಚಮಚ ಉಳಿಯುವ ತನಕ ಬತ್ತಿಸಿ, ಮೇಲೆ ಕಾಳುಮೆಣಸು ಕುಟ್ಟಿಹಾಕಿ.