ಅಡುಗೆಮನೆಯ ಡಬ್ಬಿಗೆ ಎಆರ್: ನಾನು ಬಳಸಿ ನೋಡಿದ ಮೂರು ವಿಧಾನಗಳು

ಬಸವನಗುಡಿಯ ನಮ್ಮ ಮನೆಯಲ್ಲಿ ಅಮ್ಮ ಹುಳಿಪುಡಿ, ಸಾರಿನ ಪುಡಿ, ಚಟ್ನಿಪುಡಿಗಳನ್ನು ಒಂದೇ ಅಳತೆಯ ಸ್ಟೀಲ್ ಡಬ್ಬಿಗಳಲ್ಲಿ ತುಂಬಿಡುತ್ತಾರೆ. ಫೋನನ್ನು ಡಬ್ಬಿಯತ್ತ ಹಿಡಿದರೆ ಪುಡಿಯ ಹೆಸರು ಮತ್ತು ಮಾಡಿದ ದಿನ ಕಾಣಬೇಕು, ಅಮ್ಮನ ದನಿಯಲ್ಲಿಯೇ ಅದರ ಅಳತೆ ಕೇಳಿಸಬೇಕು ಎಂಬ ಆಸೆಯಿಂದ ಆಗ್ಮೆಂಟೆಡ್ ರಿಯಾಲಿಟಿಯ (ಎಆರ್, ಅಂದರೆ ಕ್ಯಾಮೆರಾ ಕಾಣುವ ದೃಶ್ಯದ ಮೇಲೆ ಅಕ್ಷರ, ಚಿತ್ರಗಳನ್ನು ಮೂಡಿಸುವ ತಂತ್ರ) ಮೂರು ವಿಧಾನಗಳನ್ನು ಒಂದೇ ಆಂಡ್ರಾಯ್ಡ್ ಫೋನಿನ ಬ್ರೌಸರಿನಲ್ಲಿ ಪ್ರಯೋಗಿಸಿದೆ.

ಮೊದಲು ವೆಬ್‌ಎಕ್ಸ್‌ಆರ್, ಅಂದರೆ ಬ್ರೌಸರಿನಲ್ಲಿಯೇ ಎಆರ್ ನಡೆಸುವ ಸೌಲಭ್ಯ. ಗೂಗಲ್‌ನ ಎಆರ್ ತಂತ್ರಾಂಶವಾದ ಎಆರ್‌ಕೋರ್ ಆಧಾರದ ಮೇಲೆ ನಡೆಯುವ ಇದು ಚುಕ್ಕೆಗಳಿರುವ ನಮ್ಮ ಗ್ರಾನೈಟ್ ಕಟ್ಟೆಯನ್ನು ಬೇಗನೆ ಗುರುತಿಸಿತು. ಆದರೆ ಸಮತಲ ಹುಡುಕುವ ಈ ವಿಧಾನ ನೆನಪಿಡುವುದು ಜಾಗವನ್ನು, ವಸ್ತುವನ್ನಲ್ಲ. ಡಬ್ಬಿಯನ್ನು ಒಲೆಯ ಬಳಿಗೆ ಒಯ್ದರೆ ಹೆಸರು ಕಟ್ಟೆಯ ಮೇಲೆಯೇ ಉಳಿಯಿತು. ನನ್ನ ಕೆಲಸಕ್ಕೆ ಇದು ಒದಗಲಿಲ್ಲ.

ಚಿತ್ರವನ್ನೇ ಗುರುತಾಗಿ ಬಳಸುವ ಮೈಂಡ್‌ಎಆರ್ ನೋಡಲು ಅಂದವಾದದ್ದು. ಒಂದೇ ಎಳೆ ಮರುಕಳಿಸುವ ರಂಗೋಲಿಯ ಚಿತ್ರದಲ್ಲಿ ಅದು ತಡವರಿಸಿತು, ಬ್ಯಾಡಗಿ ಮೆಣಸಿನಕಾಯಿ ರಾಶಿಯ ಫೋಟೋವನ್ನು ಮಾತ್ರ ಸಲೀಸಾಗಿ ಹಿಡಿಯಿತು. ಡಬ್ಬಿಯ ದುಂಡು ಮೈಗೆ ಸುತ್ತಿದಾಗ ಚಿತ್ರ ಬಾಗಿ ಹಿಡಿತ ತಪ್ಪುತ್ತಿದ್ದುದರಿಂದ ಅದನ್ನು ಮುಚ್ಚಳಕ್ಕೆ ಅಂಟಿಸಿದೆ. ಎರಡೇ ದಿನಗಳಲ್ಲಿ ಮುಚ್ಚಳಗಳು ಅದಲುಬದಲಾಗಿ, ಸಾರಿನ ಪುಡಿಯ ಮೇಲೆ ಹುಳಿಪುಡಿಯ ಹೆಸರು ಮೂಡತೊಡಗಿತು.

ಕೊನೆಗೆ ಉಳಿದದ್ದು ಎಆರ್.ಜೆಎಸ್ ಮತ್ತು ಅದರ ದಪ್ಪ ಕಪ್ಪು ಅಂಚಿನ ಚೌಕ. 1999ರ ಎಆರ್‌ಟೂಲ್‌ಕಿಟ್ ಎಂಬ ತಂತ್ರಾಂಶದಿಂದ ಬಂದ ಈ ಹಳೆಯ ಬಗೆಯೇ ನನಗೆ ಹೆಚ್ಚು ಮೆಚ್ಚುಗೆಯಾಯಿತು. 3×3 ಮನೆಗಳ ಬಾರ್‌ಕೋಡ್ ಗುರುತುಗಳಲ್ಲಿ 64 ಬಗೆಗಳು ಸಿಗುವುದರಿಂದ ಇಡೀ ಅಡುಗೆಮನೆಗೆ ಸಾಕು. ಐದು ಸೆಂಟಿಮೀಟರಿನ ಚೌಕವನ್ನು ಡಬ್ಬಿಯ ಹೊಟ್ಟೆಗೆ ಅಂಟಿಸಿದರೂ ಹೆಚ್ಚು ಬಾಗಲಿಲ್ಲ, ಎರಡು ಅಡಿ ದೂರದಿಂದ ಟ್ಯೂಬ್‌ಲೈಟ್ ಬೆಳಕಿನಲ್ಲಿಯೂ ಫೋನು ಅದನ್ನು ಹಿಡಿಯಿತು. ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿದ ಗುರುತುಗಳು ಮಾತ್ರ ಬೆಳಕು ಪ್ರತಿಫಲಿಸಿ ಕೆಲಸಕ್ಕೆ ಬಾರದೆ ಹೋದವು. ಹೊಳಪಿಲ್ಲದ ಕಾಗದವೇ ಸರಿ.

ಕನ್ನಡದಲ್ಲಿ ಮಾಡುವವರು ಗಮನಿಸಬೇಕಾದ ತೊಡಕು ಇನ್ನೊಂದಿದೆ. ಮೈಂಡ್‌ಎಆರ್ ಮತ್ತು ಎಆರ್.ಜೆಎಸ್ ಎರಡರ ಜೊತೆಗೂ ನಾನು ಬಳಸಿದ, ಬ್ರೌಸರಿನಲ್ಲಿ ಮೂರು ಆಯಾಮದ ದೃಶ್ಯ ಕಟ್ಟುವ ಎ-ಫ್ರೇಮ್‌ನ ಪಠ್ಯ ಸೌಲಭ್ಯ ಅಕ್ಷರಗಳನ್ನು ಜೋಡಿಸಬಲ್ಲದೇ ಹೊರತು ಒತ್ತಕ್ಷರ, ಗುಣಿತಗಳನ್ನು ಕೂಡಿಸಲಾರದು. ಆದ್ದರಿಂದ ‘ಕೊತ್ತಂಬರಿ’ಯಂಥ ಪದಗಳನ್ನು ಮೊದಲು ಬ್ರೌಸರಿನ ಕ್ಯಾನ್ವಾಸಿನ (ಚಿತ್ರ ಬಿಡಿಸುವ ಜಾಗದ) ಮೇಲೆ ಬರೆಸಿ, ಚಿತ್ರವಾಗಿ ತೋರಿಸಬೇಕಾಯಿತು.

ಈಗ ಅಮ್ಮ ತಮ್ಮ ಮಾತ್ರೆ ಡಬ್ಬಿಗಳಿಗೂ ಇದನ್ನು ಅಂಟಿಸಿಕೊಡಲು ಕೇಳಿದ್ದಾರೆ. ಅಲ್ಲಿ ಎರಡು ಸೆಂಟಿಮೀಟರಿಗಿಂತ ಹೆಚ್ಚು ಜಾಗವಿಲ್ಲ. ಅಷ್ಟು ಚಿಕ್ಕ ಚೌಕ ಕಾಣುವಷ್ಟು ಹತ್ತಿರಕ್ಕೆ ಹೋದರೆ ನನ್ನ ಫೋನಿನ ಕ್ಯಾಮೆರಾ ಫೋಕಸ್ ಕಳೆದುಕೊಳ್ಳುತ್ತಿದೆ.